ಇಡೀ ರಸ್ಕ್ ತಿನ್ನದ ಮನೆ

ಮದುವೆಯಾಗಿ ಈ ಮನೆಗೆ ಬಂದ ಮರುದಿನ ಬೆಳಿಗ್ಗೆ ಅತ್ತೆ ನನ್ನ ಮುಂದೆ ಒಂದು ಲೋಟ ಚಹಾ, ಒಂದು ತಟ್ಟೆ ರಸ್ಕ್ ಇಟ್ಟರು. ತಟ್ಟೆಯಲ್ಲಿ ನೆಟ್ಟಗಿನ ರಸ್ಕ್ ಒಂದೂ ಇರಲಿಲ್ಲ. ಮೂಲೆ ಹೋದದ್ದು, ನಡು ಮುರಿದದ್ದು, ಉಳಿದದ್ದೆಲ್ಲ ಚೂರು. ರಸ್ಕ್ ಕಾರ್ಖಾನೆಯ ಮನೆಗೆ ಬಂದ ಸೊಸೆಗೆ ಮುರುಕಲು ಕೊಡುತ್ತಾರಲ್ಲ ಎಂದು ಮೈಯೆಲ್ಲ ಉರಿದುಹೋಯಿತು. ಅಷ್ಟರಲ್ಲಿ ಗಂಡ ಬಂದು ಪಕ್ಕದಲ್ಲಿ ಕೂತರು. ಅವರ ತಟ್ಟೆಯಲ್ಲೂ ಮುರುಕಲು. ಅತ್ತೆಯ ತಟ್ಟೆಯನ್ನು ಇಣುಕಿ ನೋಡಿದೆ. ಅಲ್ಲಿದ್ದದ್ದು ನನ್ನದಕ್ಕಿಂತ ಸಣ್ಣ ಚೂರುಗಳು.

"ಏನಮ್ಮ ಹಾಗೆ ನೋಡ್ತೀಯ?" ಎಂದರು ಅತ್ತೆ. "ಈ ಮನೇಲಿ ಹೀಗೇನೇ. ಊರಿಗೆ ಇಡೀದು, ಮನೆಗೆ ಮುರುಕಲು."

ನಗು ಬಂತು, ಆದರೆ ಹೊಸ ಸೊಸೆ, ನಗಲಿಲ್ಲ. ಚಹಾದಲ್ಲಿ ಅದ್ದಿಕೊಂಡು ತಿಂದೆ. ಚೂರಾದರೇನು, ಅಂಥ ರಸ್ಕನ್ನು ನಾನು ಅದುವರೆಗೆ ತಿಂದಿರಲಿಲ್ಲ.

ಅತ್ತೆ ಐದಡಿಗೂ ಒಂದು ಬೆರಳು ಕಡಿಮೆ. ದನಿ ಮಾತ್ರ ಹಿಟ್ಟು ಕಲಸುವ ಯಂತ್ರದ ಸದ್ದನ್ನೂ ದಾಟಿ ಗೇಟಿನವರೆಗೆ ಕೇಳುತ್ತಿತ್ತು. ಕೋಪ ಮೂಗಿನ ತುದಿಯಲ್ಲೇ. ಮಾವ ಮೊದಲು ಇಟ್ಟದ್ದು ಒಂದು ಪುಟ್ಟ ಬ್ರೆಡ್ ಅಂಗಡಿ. ಸಂಜೆಗೆ ಉಳಿದ ಬ್ರೆಡ್ಡನ್ನು ನೋಡಿಕೊಂಡು ಮಾವ ನಿಟ್ಟುಸಿರು ಬಿಡುತ್ತಿದ್ದರೆ, ಅತ್ತೆ ಅದನ್ನು ಹೋಳು ಮಾಡಿ, ಆರುತ್ತಿದ್ದ ಒಲೆಯೊಳಗೆ ಜೋಡಿಸಿಟ್ಟು ಬೆಳಿಗ್ಗೆ ತೆಗೆಯುತ್ತಿದ್ದರಂತೆ. ಸ್ವಲ್ಪ ದಿನಕ್ಕೆ ಬ್ರೆಡ್ಡಿಗಿಂತ ರಸ್ಕಿಗೇ ಜನ ಬರತೊಡಗಿದರು. ಅಂಗಡಿ ಹೋಗಿ ತಗಡಿನ ಮಾಡಿನ ಕಾರ್ಖಾನೆ ಬಂತು. ಎರಡನೆಯ ಒಲೆ ಕಟ್ಟಿಸಿದ ವರ್ಷವೇ ಮಾವ ತೀರಿಕೊಂಡರು. ಮೂರು ವರ್ಷದ ಮಗನನ್ನು ಹಿಟ್ಟಿನ ಮೂಟೆಗಳ ನಡುವೆ ಮಲಗಿಸಿ ಅತ್ತೆ ಕೆಲಸ ನಡೆಸಿದರು. "ಅಳೋಕೆ ಪುರುಸೊತ್ತೇ ಸಿಗಲಿಲ್ಲ ಕಣೆ. ಉಬ್ಬಿದ ಹಿಟ್ಟು ನಮ್ಮ ದುಃಖ ಮುಗಿಯೋವರೆಗೂ ಕಾಯುತ್ತಾ?" ಎಂದು ನನಗೊಮ್ಮೆ ಹೇಳಿದ್ದರು.

ಮುರುಕಲಿನ ನಿಯಮ ಹುಟ್ಟಿದ್ದು ಆ ದಿನಗಳಲ್ಲೇ. ಆಸ್ಪತ್ರೆಯೊಂದಕ್ಕೆ ಮುನ್ನೂರು ರಸ್ಕ್ ಹೋಗಬೇಕಿತ್ತು. ಡಬ್ಬದ ಕೆಳಸಾಲಿಗೆ ಮಗ ಯಾವಾಗಲೋ ಕೈಹಾಕಿ, ಓರಗೆಯ ಮಕ್ಕಳಿಗೂ ಹಂಚಿ ತಿಂದುಬಿಟ್ಟಿದ್ದ. ಗೊತ್ತಾಗದೆ ಡಬ್ಬ ಹಾಗೇ ಹೋಯಿತು. ಆಸ್ಪತ್ರೆಯ ಅಡುಗೆಯವಳು ಎಣಿಸಿ, "ಹನ್ನೊಂದು ಜನ ರೋಗಿಗಳಿಗೆ ಇವತ್ತು ಬರೀ ಚಹಾ" ಎಂದಳಂತೆ. ಅತ್ತೆ ಹನ್ನೊಂದು ರಸ್ಕ್ ಕಟ್ಟಿಕೊಂಡು ಓಡುತ್ತಾ ಹೋಗಿ, ಒಂದೊಂದು ಹಾಸಿಗೆಗೂ ತಾವೇ ಕೊಟ್ಟು ಬಂದರು. ಅವತ್ತಿನಿಂದ ಇಡೀ ರಸ್ಕ್ ಮನೆಯವರ ಬಾಯಿಗೆ ಬೀಳಲಿಲ್ಲ.

ಮುರುಕಲಿಗೇನೂ ಕೊರತೆಯಿರಲಿಲ್ಲ. ಒಲೆಯಿಂದ ಬಂದ ಪ್ರತಿ ಟ್ರೇಯಿಂದಲೂ ಅತ್ತೆ ಒಂದನ್ನು ತೆಗೆದು, ಕಿವಿಯ ಹತ್ತಿರ ಹಿಡಿದು ಮುರಿಯುತ್ತಿದ್ದರು. ಟಕ್ ಎನ್ನಬೇಕು. ಟಪ್ ಎಂದರೆ ಇಡೀ ಟ್ರೇ ವಾಪಸ್ ಒಲೆಗೆ. ಆಮೇಲೆ ಚೂರು ಬಾಯಿಗೆ, ಉಳಿದದ್ದು ಮನೆಯ ಡಬ್ಬಕ್ಕೆ. ಒಲೆಯ ಮುಂದೆ ನಿಲ್ಲುತ್ತಿದ್ದವನನ್ನು ಎಲ್ಲರೂ ಕರೆಯುತ್ತಿದ್ದದ್ದು ಒಲೆಯಣ್ಣ ಎಂದೇ. ಮೂವತ್ತು ವರ್ಷದಿಂದ ಇದ್ದವನು, ಒಲೆಯ ಬಾಯಿಗೆ ಅಂಗೈ ಹಿಡಿದು ಶಾಖ ಹೇಳುತ್ತಿದ್ದ. ಅತ್ತೆಯ ಕಿವಿ, ಅವನ ಅಂಗೈ, ಈ ಎರಡರ ಮೇಲೆ ನಮ್ಮ ಕಾರ್ಖಾನೆ ನಿಂತಿತ್ತು.

ಅದು ಸಾಲದೆಂದು ನಾನು ಬುದ್ಧಿ ಉಪಯೋಗಿಸಿದೆ. ಬಂದ ನಾಲ್ಕನೆಯ ವರ್ಷ ಪ್ಯಾಕಿಂಗ್ ನನ್ನ ಕೈಗೆ ಬಂದಿತ್ತು. ಹಳೆಯ ಮೇಣದ ಕಾಗದ ನೋಡಿದರೇ ನನಗೆ ಬೇಸರ. ಗಂಡನ ಕಿವಿ ಕಚ್ಚಿ ಕಚ್ಚಿ ಮಿರಿಮಿರಿ ಮಿಂಚುವ ಕೆಂಪು ಪ್ಯಾಕೆಟ್ ಅಚ್ಚು ಹಾಕಿಸಿದೆ. ಅತ್ತೆ ಮೊದಲ ಪ್ಯಾಕೆಟ್ಟನ್ನು ಅತ್ತಿತ್ತ ತಿರುಗಿಸಿ, "ಚೆನ್ನಾಗಿದೆ" ಎಂದು ಕೆಳಗಿಟ್ಟರು. ಬಿಚ್ಚಲಿಲ್ಲ. ಬಿಚ್ಚಿದರೆ ಒಳಗಿನ ಇಡೀ ರಸ್ಕ್ ಮನೆಯ ಪಾಲಾಗುತ್ತದಲ್ಲ! ನಾನೂ ಬಿಚ್ಚಲಿಲ್ಲ, ಗಂಡನೂ ಬಿಚ್ಚಲಿಲ್ಲ.

ನಾಲ್ಕು ತಿಂಗಳಲ್ಲಿ ವ್ಯಾಪಾರ ಅರ್ಧಕ್ಕೆ ಇಳಿಯಿತು. ಅಂಗಡಿಯವರನ್ನು ಕೇಳಿದರೆ, "ಮೊದಲಿನ ಹಾಗಿಲ್ಲ ಬಿಡಿ" ಎನ್ನುತ್ತಿದ್ದರು. ಏನು ಹಾಗಿಲ್ಲ ಎಂದರೆ ಹೇಳಲು ಅವರಿಗೂ ಬರುತ್ತಿರಲಿಲ್ಲ. ಗಂಡ ಒಂದು ತೀರ್ಮಾನಕ್ಕೆ ಬಂದರು. "ಒಲೆಯಣ್ಣಂಗೆ ವಯಸ್ಸಾಯ್ತಮ್ಮ. ಕೈಗೆ ಶಾಖ ಸರಿಯಾಗಿ ಸಿಗ್ತಿಲ್ಲ. ಅವನನ್ನ ಮನೇಗೆ ಕಳಿಸ್ಬಿಡೋಣ" ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ಎಂದು ಈಗ ಹೇಳುವುದು ಸುಲಭ. ಆವತ್ತು ನಾನೂ ತಲೆಯಾಡಿಸಿದ್ದೆ.

ಅತ್ತೆ ಒಂದು ವಾರ ದಿನವಿಡೀ ಟ್ರೇಗಳ ಮುಂದೆ ನಿಂತು ಮುರಿದರು, ತಿಂದರು. ಪ್ರತಿಯೊಂದೂ ಟಕ್ ಎನ್ನುತ್ತಿತ್ತು. ಕೊನೆಗೆ ನನ್ನೊಬ್ಬಳ ಹತ್ತಿರ, "ನನಗೇನೋ ಸರಿಯಾಗೇ ಇದೆ ಅನ್ಸುತ್ತೆ ಕಣೆ. ಊರೆಲ್ಲ ಸರಿಯಿಲ್ಲ ಅಂದ್ರೆ ನನ್ನ ನಾಲಿಗೇನೇ ಸತ್ತಿರಬೇಕು" ಎಂದರು. ಅವರ ಕಣ್ಣಲ್ಲಿ ಹೆದರಿಕೆ ಕಂಡದ್ದು ಅದೇ ಮೊದಲು. ತಮ್ಮ ನಾಲಿಗೆಯ ಮೇಲೇ ನಂಬಿಕೆ ಹೋದ ಮೇಲೆ ಒಲೆಯಣ್ಣನ ಪರ ವಾದಿಸುವುದಾದರೂ ಹೇಗೆ? ಮಗನಿಗೆ ಒಪ್ಪಿಗೆ ಕೊಟ್ಟರು. ಆದರೆ ಒಂದು ಮಾತು ಸೇರಿಸಿದರು: "ಮೂವತ್ತು ವರ್ಷ ದುಡಿದೋನಿಗೆ ಚೀಟಿ ಕಳಿಸೋದಲ್ಲ. ನಾನೇ ಅವನ ಮನೇಗೆ ಹೋಗಿ ಹೇಳ್ತೀನಿ."

ಬರುತ್ತೇವೆಂದು ಮೊದಲೇ ಹೇಳಿ ಕಳಿಸಿ, ಭಾನುವಾರ ಬೆಳಿಗ್ಗೆ ಅತ್ತೆ, ನಾನು ಇಬ್ಬರೇ ಹೋದೆವು. ಎರಡು ಕೋಣೆಯ ಮನೆ, ಕಿಟಕಿಯ ಹತ್ತಿರ ಮೇಜು, ಮೇಲೆ ಇಸ್ತ್ರಿ ಹಾಕಿದ ಬಟ್ಟೆ. ಒಲೆಯಣ್ಣ ಒಗೆದ ಅಂಗಿ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದ. ಅವನ ಹೆಂಡತಿ ಚಹಾ ತಂದಳು, ಜೊತೆಗೆ ತಟ್ಟೆ ತುಂಬ ರಸ್ಕ್. ನಮ್ಮದೇ ರಸ್ಕ್. ಎಲ್ಲವೂ ಇಡೀದು. ಪಕ್ಕದಲ್ಲಿ ನನ್ನ ಕೆಂಪು ಪ್ಯಾಕೆಟ್ ಬಾಯಿ ತೆರೆದು ಬಿದ್ದಿತ್ತು.

"ಅಂಗಡಿಯಿಂದ ಯಾಕೆ ತಂದೆ? ವಾರವಾರ ಮುರುಕಲು ಕೊಟ್ಟು ಕಳಿಸ್ತೀವಲ್ಲ?" ಎಂದರು ಅತ್ತೆ.

"ಅದು ನಮಗಮ್ಮ. ನೀವು ತಗೊಳ್ಳಿ" ಎಂದ ಒಲೆಯಣ್ಣ.

ಬಂದ ಮನೆಯಲ್ಲಿ ಬೇಡ ಎನ್ನುವ ಹಾಗಿಲ್ಲ. ಅತ್ತೆ ಇಡೀ ರಸ್ಕನ್ನು ಕೈಗೆತ್ತಿಕೊಂಡು ತುಸು ಹೊತ್ತು ಸುಮ್ಮನೆ ಹಿಡಿದಿದ್ದರು. ಆಮೇಲೆ ಕಚ್ಚಿದರು. ಅಗಿಯುವುದು ನಿಂತಿತು. ರಸ್ಕನ್ನು ಮೂಸಿದರು, ಪ್ಯಾಕೆಟ್ಟಿಗೆ ಮೂಗು ತೂರಿಸಿ ಮೂಸಿದರು, ಆಮೇಲೆ ಅದನ್ನು ನನ್ನ ಕಡೆ ಚಾಚಿದರು. ನಾನೂ ಮೂಸಿದೆ. ಮೂಗಿಗೆ ಬಡಿದದ್ದು ಪ್ಯಾಕೆಟ್ಟಿನ ಅಚ್ಚಿನ ಬಣ್ಣದ ವಾಸನೆ, ಆಗಷ್ಟೇ ಬಣ್ಣ ಬಳಿದ ಬಾಗಿಲಿನದೇ.

"ಹೊಸ ಪ್ಯಾಕೆಟ್ ಬಂದಾಗಿಂದ ಹೀಗೇ ಇದೆಯಮ್ಮ" ಎಂದಳು ಒಲೆಯಣ್ಣನ ಹೆಂಡತಿ, ಹಿಂಜರಿಯುತ್ತಾ. "ಅಂಗಡೀಲಿ ಹದಿನೈದು ದಿನ ಕೂತಿರೋದಂತೂ ಬಾಯಿಗಿಡೋಕಾಗಲ್ಲ. ದಿನಾ ತಿನ್ನೋರು ನೀವು, ನೀವು ಒಪ್ಪಿರ್ತೀರಿ ಅಂದ್ಕೊಂಡ್ವಿ."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮನೆಯ ದೀಪ ಎಂದು ಮೆರೆಯುತ್ತಿದ್ದವಳು ನಾನು. ದೀಪದ ಬುಡದಲ್ಲೇ ಕತ್ತಲೆ. "ಅತ್ತೆ, ಪ್ಯಾಕೆಟ್ ಆರಿಸಿದ್ದು ನಾನು" ಎಂದೆ.

"ಆರಿಸಿದ್ದು ನೀನು. ಬಿಚ್ಚಿ ನೋಡಬೇಡಿ ಅಂತ ಕಟ್ಟು ಮಾಡಿದ್ದು ನಾನು" ಎಂದರು ಅತ್ತೆ. "ಇಷ್ಟು ವರ್ಷ ಊರಿಗೆ ಏನು ಕೊಡ್ತಿದೀನಿ ಅಂತ ಒಂದು ದಿನಾನೂ ನಾನು ತಿಂದಿಲ್ಲ. ಒಲೆ ಬಾಯಲ್ಲಿ ತಿಂದ್ಕೊಂಡು ಎಲ್ಲ ಗೊತ್ತು ಅಂದ್ಕೊಂಡಿದ್ದೆ." ಆಮೇಲೆ ಒಲೆಯಣ್ಣನ ಕಡೆ ತಿರುಗಿ, ಚಹಾ ಚೆನ್ನಾಗಿದೆ ಎಂದಷ್ಟೇ ಹೇಳಿ ಎದ್ದರು.

ಮರುದಿನ ಬೆಳಿಗ್ಗೆ ಅತ್ತೆ ಇಪ್ಪತ್ತೆರಡು ಜನ ಕೆಲಸದವರನ್ನೂ, ಮಗನನ್ನೂ ಅಂಗಳದಲ್ಲಿ ನಿಲ್ಲಿಸಿದರು. ಅಂಗಡಿಗಳಲ್ಲಿರುವ ಕೆಂಪು ಪ್ಯಾಕೆಟ್ಟೆಲ್ಲ ವಾಪಸ್ ಬರಬೇಕು, ಮೇಣದ ಕಾಗದ ಮತ್ತೆ ಶುರು ಎಂದರು. ಇನ್ನು ಮೇಲೆ ದಿನವೂ ಅಂಗಡಿಯಿಂದ ಒಂದು ಪ್ಯಾಕೆಟ್ ಕೊಂಡು ತಂದು ಮನೆಯವರೇ ಮೊದಲು ತಿನ್ನಬೇಕು ಎಂದರು. ಅಷ್ಟಕ್ಕೇ ಮುಗಿಸಬಹುದಿತ್ತು. ಬೇರೆ ಯಾವ ಯಜಮಾನಿಯಾದರೂ ಅಲ್ಲಿಗೇ ಮುಗಿಸುತ್ತಿದ್ದಳು. ನಮ್ಮತ್ತೆ ಒಲೆಯಣ್ಣನನ್ನು ಮುಂದಕ್ಕೆ ಕರೆದರು.

"ನಿನ್ನೆ ನಿಮ್ಮನೇಗೆ ಚಹಾ ಕುಡಿಯೋಕೆ ಬಂದಿರಲಿಲ್ಲ ಅಣ್ಣಾ. ಕೆಲಸ ಬಿಡು ಅಂತ ಹೇಳೋಕೆ ಬಂದಿದ್ದೆ. ತಪ್ಪು ನಂದು, ಹೊರಿಸೋಕೆ ಹೊರಟಿದ್ದು ನಿನ್ನ ತಲೆ ಮೇಲೆ. ಕ್ಷಮಿಸು" ಎಂದರು. ಆ ದೊಡ್ಡ ದನಿಯಲ್ಲೇ, ಗೇಟಿನವರೆಗೂ ಕೇಳುವ ಹಾಗೆ.

ನನ್ನ ಕಣ್ಣು ತುಂಬಿ ಬಂತು. ಅವರ ಸೊಸೆ ಎಂದು ಆ ಕ್ಷಣ ಪಟ್ಟಷ್ಟು ಹೆಮ್ಮೆಯನ್ನು ನಾನು ಇನ್ನೆಂದೂ ಪಟ್ಟಿಲ್ಲ.

ಒಲೆಯಣ್ಣ ಅಂಗೈಯನ್ನು ಅಂಗಿಗೆ ಒರೆಸಿಕೊಂಡ. "ಗೊತ್ತಿತ್ತಮ್ಮ. ನೀವು ಬರ್ತೀರಿ ಅಂದಾಗ್ಲೇ ಗೊತ್ತಾಯ್ತು" ಎಂದ. "ಕೆಲಸ ಹೋದ್ರೆ ಹೋಗ್ಲಿ. ಹಾಗಂತ ಮನೇಗೆ ಬಂದೋರಿಗೆ ಮುರುಕಲು ಕೊಡೋಕಾಗುತ್ತಾ?"

ಅತ್ತೆ ಪಕ್ಕದಲ್ಲಿ ಆರಲು ಇಟ್ಟಿದ್ದ ಟ್ರೇಯಿಂದ ಬಿಸಿ ರಸ್ಕ್ ಒಂದನ್ನು ತೆಗೆದರು. ರೂಢಿಯಂತೆ ಕೈ ಕಿವಿಯವರೆಗೆ ಹೋಯಿತು. ಅಲ್ಲೇ ತಡೆದು, ಮುರಿಯದೆ, ಇಡೀದನ್ನೇ ಒಲೆಯಣ್ಣನ ಕೈಗೆ ಕೊಟ್ಟರು.