ಖಾನಾವಳಿ ಮಾವಶಿಯ ಮಿದುಳು

ಕಳೆದ ರವಿವಾರ ಬೇಳೆ ಬೇಯಿಸಲು ಹೋಗಿ ಪಾತ್ರೆಯ ತಳ ಹತ್ತಿಸಿದೆ. ಆ ವಾಸನೆಗೆ ಬಿಲ್ಡಿಂಗಿನವರೆಲ್ಲ ಕಿಟಕಿ ತೆರೆದರು. ನನಗೆ ಮಾತ್ರ ಸಾಂಗ್ಲಿಯಲ್ಲಿ ಊಟದ ಖಾನಾವಳಿ ನಡೆಸುತ್ತಿದ್ದ, ಎಲ್ಲರೂ ಮರಾಠಿಯಲ್ಲಿ ಚಿಕ್ಕಮ್ಮ ಎಂದು ಕರೆಯುತ್ತಿದ್ದ ಮಾವಶಿ ನೆನಪಾದರು...

ನಾನಾಗ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೆ. ಪಕ್ಕದ ಕುಪವಾಡದ ಕೈಗಾರಿಕಾ ಪ್ರದೇಶದಲ್ಲಿ ದಿನಕ್ಕೊಂದು ಶೆಡ್ಡು ಏಳುತ್ತಿದ್ದ ಕಾಲ. ಅಲ್ಲಿಯ ಹುಡುಗರು, ನಮ್ಮ ಕಾಲೇಜಿನವರು, ಎಲ್ಲರ ಹೊಟ್ಟೆಯೂ ಮಾವಶಿಯ ಜವಾಬ್ದಾರಿ. ಜೈನರ ಮನೆ; ಉಳ್ಳಾಗಡ್ಡಿ, ಬಳ್ಳೊಳ್ಳಿ ಒಳಗೆ ಬರುವಂತಿಲ್ಲ. ಆದರೂ ಅವರ ಬೇಳೆಸಾರಿಗೆ, ಆ ಆಮಟಿಗೆ, ನಾನು ತಟ್ಟೆ ನೆಕ್ಕುತ್ತಿದ್ದೆ. ಯಾರ ಊರು ಯಾವುದು, ಯಾರಿಗೆ ಖಾರ ಆಗದು, ಎಲ್ಲವೂ ಅವರ ತಲೆಯಲ್ಲೇ ಇರುತ್ತಿತ್ತು.

ಆ ವರ್ಷ ಅದೇ ತಲೆ ಕೈಕೊಟ್ಟಿತು. ಆಮಟಿಗೆ ಎರಡೆರಡು ಸಲ ಉಪ್ಪು ಬಿತ್ತು. ನನ್ನನ್ನು ಕವಲಾಪುರದ ಯಾರದೋ ಮಗ ಎಂದು ಕರೆದರು. ಗ್ಯಾಸ್ ಹಚ್ಚಿಟ್ಟು ಬಸದಿಗೆ ಹೋದ ದಿನ ಅವರ ಮಗ ಅಡುಗೆಮನೆಯ ಕೀಲಿ ಕಸಿದುಕೊಂಡ. ಒಲೆ ಮುಂದೆ ಸೊಸೆಯನ್ನು ನಿಲ್ಲಿಸಿ, ದೀಪಾವಳಿಯಿಂದ ಖಾನಾವಳಿ ಕಾಯಂ ಬಂದ್ ಎಂದ. ಮಿರಜದ ಡಾಕ್ಟರು ಮಿದುಳಿನ ಸ್ಕ್ಯಾನ್ ಮಾಡಿಸಿ, ಆಲ್ಝೈಮರ್ಸ್ ಇರಬಹುದು ಎಂದರು. ಅಂದರೆ ಹೋದ ನೆನಪು ತಿರುಗಿ ಬರುವುದಿಲ್ಲ.

"ಒಲಿ ಮುಂದಿಂದ ಎಬ್ಬಿಸಿದ ಮ್ಯಾಲೆ ನಾ ಯಾಕರ ಇರ್ಬೇಕೋ?" ಎಂದು ಮಾವಶಿ ನನ್ನನ್ನೇ ಕೇಳಿದರು.

ಆ ಡಾಕ್ಟರೇ ನನ್ನ ಪ್ರಾಜೆಕ್ಟಿಗೂ ಮಾರ್ಗದರ್ಶಕರು. ಮಿದುಳಿನ ಚಿತ್ರಗಳನ್ನು ರಾಶಿಗಟ್ಟಲೆ ತೋರಿಸಿ, ಈ ರೋಗ ಇದ್ದದ್ದು ಯಾವುದು, ಇಲ್ಲದ್ದು ಯಾವುದು ಎಂದು ಕಂಪ್ಯೂಟರಿಗೆ ಕಲಿಸುವುದು ನನ್ನ ಕೆಲಸ. ಕಲಿಸಿಯೇಬಿಟ್ಟೆ ಎಂದು ಎದೆ ಉಬ್ಬಿಸಿ, ನನ್ನದೇ ಮಿದುಳಿನ ಚಿತ್ರ ತೆಗೆಸಿ ಹಾಕಿದೆ. ಪಕ್ಕಾ ರೋಗಿ ಎಂದಿತು. ಡಾಕ್ಟರದ್ದು ಹಾಕಿದೆ. ಅವರೂ ರೋಗಿ. ಆಮೇಲೆ ತಿಳಿಯಿತು: ನಾನು ಕೊಟ್ಟ ರೋಗಿಗಳ ಚಿತ್ರಗಳೆಲ್ಲ ಒಂದು ಮಶೀನಿನವು, ಆರೋಗ್ಯವಂತರವು ಇನ್ನೊಂದರವು; ನಮ್ಮಿಬ್ಬರದೂ ರೋಗಿಗಳ ಮಶೀನಿನಲ್ಲೇ ತೆಗೆಸಿದ್ದು. ನನ್ನ ಜಾಣ ಶಿಷ್ಯ ಮಿದುಳು ಬಿಟ್ಟು ಮಶೀನು ಗುರುತಿಸಲು ಕಲಿತಿದ್ದ. ಹಾಸ್ಟೆಲಿನಲ್ಲಿ ನನಗೆ 'ಅಜ್ಜಾ' ಎಂದೇ ಹೆಸರು ಬಿತ್ತು.

ಎರಡೂ ಮಶೀನಿನ ಚಿತ್ರ ಬೆರೆಸಿ ಮತ್ತೆ ಕಲಿಸಿದೆ. ಈ ಸಲ ಡಾಕ್ಟರೂ ಪಾರಾದರು, ನಾನೂ ಪಾರಾದೆ. ಆಗ ಮಾವಶಿಯ ಒಪ್ಪಿಗೆ ಕೇಳಿ ಅವರ ಚಿತ್ರ ಹಾಕಿದೆವು. ಕಂಪ್ಯೂಟರು ಅವರನ್ನು ಆರೋಗ್ಯವಂತರ ಗುಂಪಿಗೆ ಸೇರಿಸಿತು.

ಡಾಕ್ಟರು ಕುಣಿಯಲಿಲ್ಲ. ನನ್ನ ಪ್ರೋಗ್ರಾಮಿನ ಪೂರ್ವಚರಿತ್ರೆ ಅವರಿಗೆ ಗೊತ್ತಿತ್ತು. ಆದರೆ ಚಿತ್ರವನ್ನು ತಾವೇ ಮತ್ತೊಮ್ಮೆ ನೋಡಿದರು. ಮಾವಶಿಯನ್ನು ಕರೆಸಿ, ಏನೇನು ಉಣ್ಣುತ್ತೀರಿ ಎಂದು ಕೇಳಿದರು. ಎಲ್ಲವನ್ನೂ ಎಂದರು ಮಾವಶಿ. ನಾನು ನಡುವೆ ಬಾಯಿ ಹಾಕಿದೆ.

"ಎಲ್ಲಿ ಎಲ್ಲಾರಿ? ಹಾಲು, ಮಸರು ಬಿಟ್ಟು ಎಷ್ಟೋ ವರ್ಷಾತು. ಮುನಿಗಳ ಮುಂದ ವ್ರತ ಹಿಡದಾರ್ರಿ. ಅವರ ಪಾಲಿನ ಮಸರು ನಾನ ಹೊಡದೇನಿ."

ಡಾಕ್ಟರ ಪೆನ್ನು ನಿಂತಿತು. ರಕ್ತ ಪರೀಕ್ಷೆ ಮಾಡಿಸಿದರೆ, ಬಿ-ಹನ್ನೆರಡು ಎಂಬ ವಿಟಮಿನ್ ಪಾತಾಳಕ್ಕಿಳಿದಿತ್ತು. ಮಾಂಸ ಮೊದಲೇ ಇಲ್ಲ, ಹಾಲೂ ಇಲ್ಲ; ಅದು ಬರುವುದಾದರೂ ಎಲ್ಲಿಂದ? ಮರೆವಿಗೆ ಅದೇ ಮೂಲ. ಇಂಜೆಕ್ಷನ್ನಿಂದ ವ್ರತ ಮುರಿಯುತ್ತದೇನೋ ಎಂದು ಮಾವಶಿ ಹಿಂಜರಿದರು. ಬಾಯಿಂದ ಹೋಗುವುದಿಲ್ಲ, ಹಾಲಿನಿಂದ ಮಾಡಿದ್ದೂ ಅಲ್ಲ ಎಂದು ತಿಳಿಹೇಳಿದ ಮೇಲೆಯೇ ತೋಳು ಚಾಚಿದ್ದು.

ವಾರಗಟ್ಟಲೆ ಇಂಜೆಕ್ಷನ್ ನಡೆದು ದೀಪಾವಳಿ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ನಾನು ಮೆಲ್ಲಗೆ ಎರಡನೆಯ ವಾಟಿ ಮೊಸರಿಗೆ ಕೈ ಹಾಕಿದೆ.

"ಲೇ ಖೋಡಿ, ನಿಂದು ಆಗ್ಯದ. ಮೂಲ್ಯಾಗ ಕುಂತಾನಲ್ಲ, ಆ ಬೆಳಗಾವಿ ಹುಡುಗಂದು ಅದು. ಇಡು," ಎಂದು ಮಾವಶಿ ಗದರಿದರು.

ಇಡೀ ಖಾನಾವಳಿ ಚಪ್ಪಾಳೆ ತಟ್ಟಿತು. ಬೆಳಗಾವಿ ಹುಡುಗ ಹೊಸಬ; ಮೊಸರಿಗೆ ಇಷ್ಟು ಮರ್ಯಾದೆಯೇ ಎಂದು ಕಣ್ಣು ಬಿಟ್ಟ. ಮಗ ಕಿಸೆಯಿಂದ ಅಡುಗೆಮನೆಯ ಕೀಲಿ ತೆಗೆದು ತಾಯಿಯ ಕೈಗಿಟ್ಟ. ನಾನು ಪದವಿ ಪಡೆದ ದಿನವೂ ಅಷ್ಟು ತಲೆಯೆತ್ತಿ ನಡೆಯಲಿಲ್ಲ.

ಮಾವಶಿ ಆಮೇಲೆ ಬಹಳ ವರ್ಷ ಒಲೆ ಮುಂದೆಯೇ ಇದ್ದರು. ಹೋದದ್ದು ಎದೆನೋವಿನಿಂದ. ಆ ಬೆಳಿಗ್ಗೆಯೂ ಅಂದು ಊಟಕ್ಕೆ ಬರುವವರನ್ನೆಲ್ಲ ಹೆಸರು ಹಿಡಿದು ಸೊಸೆಗೆ ಹೇಳಿದ್ದರಂತೆ... ಅವರ ಹಿಂದೆಯೇ ಖಾನಾವಳಿಯೂ ಮುಚ್ಚಿತು.

ನಾನು ಈಗಲೂ ಮಿದುಳಿನ ಚಿತ್ರಗಳ ನಡುವೆಯೇ ಇದ್ದೇನೆ. ಪ್ರೋಗ್ರಾಂ ನನಗಿಂತ ಎಷ್ಟೋ ಜಾಣ. ಯಾರಾದರೂ ಅದನ್ನು ಹೊಗಳಿದಾಗ ಖಾನಾವಳಿಗೆ ಫೋನು ಮಾಡಿ ಹೇಳೋಣ ಎನಿಸುತ್ತದೆ. ನಂಬರು ಇನ್ನೂ ಬಾಯಿಪಾಠ. ಎತ್ತುವವರಿಲ್ಲ.