ಮಾರಪ್ಪ ಕಂಡ ಒಲೆ

ಕುಪ್ಪಗಡ್ಡೆ ಸುತ್ತಿನವರಿಗೆ ಬಾವಿ ಬೇಕೆಂದರೆ ಮಾರಪ್ಪನನ್ನು ಕರೆಯುತ್ತಿದ್ದರು. ಬೋರ್‌ವೆಲ್ ಲಾರಿ ಬಂದ ಮೇಲೆ ಯಾರೂ ಕರೆಯಲಿಲ್ಲ. ಸುಮ್ಮನೆ ಕೂರುವ ಆಸಾಮಿಯಲ್ಲ ಅವನು. ದಂಡಾವತಿ ಹೊಳೆಯ ಪಕ್ಕದ ತನ್ನ ಹಕ್ಕಲು ಜಮೀನಿನಲ್ಲಿ, ನಾಲ್ಕು ಸಾಲು ಮೆಣಸಿನಗಿಡಕ್ಕಾದರೂ ನೀರಾಗಲಿ ಎಂದು, ತನಗೇ ಒಂದು ಬಾವಿ ತೋಡತೊಡಗಿದ. ಅದೇ ಅವನ ಕೊನೆಯ ಬಾವಿ.

ಒಂದಾಳು ಆಳ ಇಳಿದಾಗ ಗುದ್ದಲಿಗೆ ಕಪ್ಪು ಮಣ್ಣು ಸಿಕ್ಕಿತು. ಮಧ್ಯಾಹ್ನ ಮನೆಗೆ ಬಂದವನು ಕೈಯನ್ನೂ ತೊಳೆಯದೆ ನಿಂತ.

“ಒಲೆ ಐತೆ ಕಣೇ ಅಲ್ಲಿ. ಮೂರು ಕಲ್ಲು, ನಡುವೆ ಬೂದಿ, ಪಕ್ಕದಲ್ಲಿ ಮೂಳೆ ಚೂರು. ಯಾರೋ ಉಂಡು ಎದ್ದು ಹೋದಂಗೈತೆ. ಬಾ, ನೋಡು.”

ಹೆಂಡತಿ ಲೋಕಮ್ಮ ರೊಟ್ಟಿ ತಟ್ಟುತ್ತಿದ್ದಳು. “ನೆಲದೊಳಗೆ ಯಾರ್ರೀ ಅಡಿಗೆ ಮಾಡ್ತಾರೆ? ತೋಡೋಕೆ ಮೈ ಬಗ್ಗಲ್ಲ ಅನ್ನಿ, ಒಪ್ಕೋತೀನಿ. ಏಣಿ ಇಳಿಯೋಕೆ ನಂಗೆ ಪುರಸೊತ್ತಿಲ್ಲ.”

ಅವಳು ಹೋಗಲಿಲ್ಲ. ಯಾರದಾದರೂ ಸರಿ, ಒಲೆಯ ಮೇಲೆ ಗುದ್ದಲಿ ಹಾಕಬಾರದು ಎಂದು ಮಾರಪ್ಪ ಆ ಮೂಲೆಯನ್ನು ಮೆಟ್ಟಿಲಿನಂತೆ ಹಾಗೇ ಬಿಟ್ಟು, ಪಕ್ಕದಲ್ಲಿ ಇನ್ನರ್ಧ ಆಳು ಇಳಿದ. ನೀರು ಬರಲಿಲ್ಲ. ಊರಿಗೆ ನಗಲು ಒಂದು ಮಾತು ಸಿಕ್ಕಿತು. “ಏನೋ ಮಾರಪ್ಪ, ಒಳಗಿನೋರು ಊಟಕ್ಕೆ ಕರೀಲಿಲ್ವಾ?” ಎಂದು ಹೋಟ್ಲಿನಲ್ಲಿ ಕೇಳುತ್ತಿದ್ದರು. ಅವನು ಅದನ್ನೆಲ್ಲ ಕಿವಿಗೆ ಹಾಕಿಕೊಳ್ಳಲಿಲ್ಲ. ಲೋಕಮ್ಮನೂ ನಕ್ಕ ಮೇಲೆ ಮಾತ್ರ ಮನೆಯಲ್ಲಿ ಆ ಸುದ್ದಿ ಎತ್ತುವುದನ್ನು ಬಿಟ್ಟ. ಆ ಮಳೆಗಾಲ ಗದ್ದೆಯ ಬದುವಿನ ಮೇಲೆ ಎದೆ ಹಿಡಿದುಕೊಂಡು ಕೂತ. ಜನ ಬರುವಷ್ಟರಲ್ಲಿ ಮುಗಿದಿತ್ತು.

ನಾಲ್ಕು ವರ್ಷ ಕಳೆದ ಮೇಲೆ ಅಗೆತದವರು ಬಂದರು. ಶ್ರೀನಾಥ ಎಂಬ ಮೇಷ್ಟ್ರು, ಅವರ ಕೈಕೆಳಗೆ ಓದುವ ಸುಮಾ, ಇನ್ನೂ ಮೂರು ಜನ. ಊರು ಕಟ್ಟುವುದಕ್ಕೂ ಹಿಂದಿನ ಕಾಲದ ಜನ ಹೊಳೆದಂಡೆಯಲ್ಲಿ ಬೀಡುಬಿಟ್ಟ ಗುರುತು ಹುಡುಕುವುದು ಅವರ ಕೆಲಸ. ಹಕ್ಕಲು ಈಗ ಲೋಕಮ್ಮನ ಹೆಸರಿನಲ್ಲಿತ್ತು. ಹೆಬ್ಬೆಟ್ಟು ಒತ್ತಿ ಒಪ್ಪಿಗೆ ಕೊಟ್ಟು, ಮಣ್ಣು ಹೊರುವ ಕೂಲಿಗೂ ತಾನೇ ಸೇರಿದಳು.

“ಇಲ್ಲೇ ತೆಗೀರಿ ಸಾರ್. ನಮ್ಮನೆಯೋರು ಇಲ್ಲಿ ಬಾವಿ ತೋಡಿದ್ರು. ಒಲೆ ಕಂಡಿದ್ರು. ಆ ಮೂಲೆ ಮುಟ್ಟದೆ ಬಿಟ್ಟಿದ್ರು.”

ಶ್ರೀನಾಥ ನಗಲಿಲ್ಲ. “ತೋಡಿದ ಜಾಗ ಕೆಟ್ಟಿರುತ್ತೆ ಅಮ್ಮ. ಆದ್ರೂ ಮೂಲೆ ಉಳಿದಿದ್ರೆ ನೋಡೋಣ” ಎಂದು ದಾರ ಕಟ್ಟಿ ಚೌಕ ಹಾಕಿಸಿದರು.

ಅವಳಿಗೆ ಬೇಕಾಗಿದ್ದು ಅಷ್ಟೇ. ಒಲೆ ಸಿಗಬೇಕು. ಗಂಡ ಸುಳ್ಳು ಹೇಳಿರಲಿಲ್ಲ ಎಂದು ಊರು ನೋಡಬೇಕು. ಊರಿಗಿಂತ ಮೊದಲು ತಾನು ನೋಡಬೇಕು.

ಕರಣೆಯಲ್ಲಿ ಕೆರೆಯುವುದು, ಬ್ರಶ್ಶಿನಲ್ಲಿ ಗುಡಿಸುವುದು. ದಿನಕ್ಕೆ ನಾಲ್ಕು ಬೆರಳು ಇಳಿದರೆ ಹೆಚ್ಚು. ಜರಡಿ ಹಿಡಿಯುವ ಬಸಕ್ಕ ಶಿಕಾರಿಪುರದ ಕಡೆಯವಳು, ಬಾಯಿ ಜೋರು.

“ಏನವ್ವ ಲೋಕವ್ವ, ಇವ್ರು ನೆಲ ಅಗಿಯಾಕ ಬಂದಾರೋ, ನೆಲದ ತಲಿ ಬಾಚಾಕ ಬಂದಾರೋ? ನಿನ್ನ ಗಂಡನ ಒಲಿ ಸಿಕ್ರ ನಂಗೊಂದು ಚಾ ಕಾಸಿಕೊಡು.”

ಲೋಕಮ್ಮ ಬುಟ್ಟಿ ಎತ್ತಿಕೊಂಡು ಹೋದಳು.

ಚೌಕದ ಗೋಡೆಯಲ್ಲಿ ಮಣ್ಣು ಪಟ್ಟಿ ಪಟ್ಟಿಯಾಗಿ ಕಾಣಿಸಿತು. ಕಪ್ಪು, ಹಳದಿ, ಮತ್ತೆ ಕಪ್ಪು. “ಕಪ್ಪು ಇರೋದು ಜನ ಬೆಂಕಿ ಹಾಕಿದ್ದು. ಆಮೇಲೆ ಹೊಳೆ ಬಂದು ಹೂಳು ಮುಚ್ಚಿದೆ, ಅದೇ ಈ ಹಳದಿ. ಅದರ ಮೇಲೆ ಮತ್ತೆ ಬಂದು ಬೆಂಕಿ ಹಾಕಿದ್ದಾರೆ” ಎಂದು ಸುಮಾ ತೋರಿಸಿದಳು.

“ಅವರೇನಾ?”

“ಅವರಲ್ಲಮ್ಮ. ನಡುವೆ ಸಾವಿರ ವರ್ಷನೂ ಇರಬಹುದು.”

ಇಪ್ಪತ್ತೆರಡನೇ ದಿನ ಕೆಳಗಿನ ಕಪ್ಪು ಪಟ್ಟಿ ಮಾರಪ್ಪನ ಮೂಲೆಯ ಕಡೆಗೆ ದಪ್ಪವಾಗುತ್ತ ಬಂತು. ಒಲೆ ಹತ್ತಿರವಿದೆ ಎಂದು ಶ್ರೀನಾಥರೇ ಮಂಡಿಯೂರಿ ಕೆರೆದರು. ಲೋಕಮ್ಮ ಬುಟ್ಟಿ ಇಳಿಸಿ ಅಂಚಿನಲ್ಲಿ ಕೂತಳು. ಪಟ್ಟಿ ಒಂದು ಮೊಳ ಬಂತು, ಇನ್ನೊಂದು ಗೇಣು ಬಂತು, ಕತ್ತಿಯಲ್ಲಿ ಕೊಯ್ದ ಹಾಗೆ ನಿಂತಿತು. ಆಚೆ ಕಪ್ಪು ಹಳದಿ ಬೆರೆತ ಬರೀ ಕಲಸುಮಣ್ಣು. ಅದನ್ನು ಬಿಡಿಸಿ ಕೆಳಗೆ ಹೋದರೆ ಸುಟ್ಟ ಕಲ್ಲು ಮೂರು ಅಡ್ಡಾದಿಡ್ಡಿ ಬಿದ್ದಿದ್ದವು. ಅವುಗಳ ಅಡಿಯಲ್ಲಿ ಒಂದು ಗುಟ್ಕಾ ಚೀಟಿ.

“ಕಲ್ಲು ಇದಾವಲ್ಲ ಸಾರ್! ಮೂರೂ ಇದಾವಲ್ಲ!”

ಶ್ರೀನಾಥ ಚೀಟಿಯನ್ನು ಎತ್ತಿ ತೋರಿಸಿದರು. “ಕಲ್ಲು ಇದ್ರೆ ಸಾಲದಮ್ಮ, ಇದ್ದ ಜಾಗದಲ್ಲೇ ಇರಬೇಕು. ಇವು ಗುಟ್ಕಾ ಚೀಟಿ ಮೇಲೆ ಬಿದ್ದಿವೆ. ಒಲೆ ಇತ್ತು ಅಂತ ನಾನು ಬರೆಯೋ ಹಾಗಿಲ್ಲ.” ಗೋಡೆಯನ್ನು ಬೆರಳಿನಿಂದ ತಡವಿದರು. “ಇಲ್ಲಿ ಹಾರೆ ಹಾಕಿ ಕೆಡವಿದ್ದಾರೆ. ನಿಮ್ಮ ಯಜಮಾನ್ರು ಮುಟ್ಟದೆ ಬಿಟ್ಟಿದ್ರು ಅಂದ್ರಲ್ಲ?”

ಅವನು ಬಿಟ್ಟಿದ್ದ. ತಿಥಿ ಮುಗಿದ ಮಾರನೇ ದಿನ, ಸತ್ತವನು ತೋಡಿದ ಗುಂಡಿ ಬಾಯಿ ತೆರೆದಿರಬಾರದು ಎಂದು ಹಿರಿಯರು ಹೇಳಿದ್ದರು. ಮುಚ್ಚಲು ಬಂದ ಇಬ್ಬರು ಆಳುಗಳು ಮಣ್ಣು ಸಾಲದು ಎಂದರು. ತೋಡಿ ಹಾಕಿದ ಮಣ್ಣೆಲ್ಲ ಮಳೆಗೆ ಕೊಚ್ಚಿ ಹೊಳೆ ಸೇರಿತ್ತು. “ಆ ಮೆಟ್ಟಿಲು ಕೆಡವಿ ಹಾಕ್ರಿ, ಯಾಕೆ ಬೇಕು ಅದು” ಎಂದು ಮೇಲೆ ನಿಂತು ಹೇಳಿದವಳು ಲೋಕಮ್ಮ. ಬಗ್ಗಿಯೂ ನೋಡಿರಲಿಲ್ಲ. ಇಷ್ಟು ದಿನ ಅದು ನೆನಪಿಗೇ ಬಂದಿರಲಿಲ್ಲ.

“ನಾನೇ ಕೆಡವಿಸ್ದೆ ಸಾರ್.”

ಶ್ರೀನಾಥ ಕಲ್ಲುಗಳನ್ನು ಅಂಚಿಗೆ ಎತ್ತಿಡಿಸಿ, ಆ ಮೂಲೆ ಇನ್ನು ಬೇಡ ಎಂದು ದಾರ ಬಿಚ್ಚಿಸಿದರು.

ಬಸಕ್ಕ ಸೆರಗಿನ ಧೂಳು ಕೊಡವುತ್ತ ಬಂದಳು. “ಲೋಕವ್ವ, ಸಿಕ್ತೇನ ಒಲಿ?”

ಹೂಂ ಎಂದಿದ್ದರೆ ಬಸಕ್ಕ ನಂಬುತ್ತಿದ್ದಳು. ಸಂಜೆಯೊಳಗೆ ಊರೂ ನಂಬುತ್ತಿತ್ತು.

“ಇಲ್ಲ. ನಮ್ಮನೆಯೋರು ಹಂಗೇ ಇಟ್ಟಿದ್ರು. ನಾನೇ ಕೆಡಿಸ್ದೆ.”

ಬಸಕ್ಕ ಜರಡಿಯ ಕಡೆಗೆ ತಿರುಗಿ ನಡೆದಳು.

ಲೋಕಮ್ಮ ಆ ಮೂರು ಕಲ್ಲನ್ನು ನೆಲದ ಮೇಲೆ ಜೋಡಿಸಿ ನೋಡಿದಳು. ಕೆಡಿಸಿ, ಇನ್ನೊಂದು ಬಗೆಯಲ್ಲಿ ಜೋಡಿಸಿದಳು. ಒಲೆಯ ಬಾಯಿ ಯಾವ ಕಡೆಗಿತ್ತೋ ತಿಳಿಯಲಿಲ್ಲ. ಕೇಳೋಣವೆಂದರೆ ಕಂಡವನಿಲ್ಲ.