ಖಾತೆಯಿಲ್ಲದ ಮಂತ್ರಿ

ಕೇಂದ್ರದ ಮಂತ್ರಿಗಳು ಪ್ರಮಾಣವಚನ ಸ್ವೀಕರಿಸುವುದನ್ನು ಟಿವಿಯಲ್ಲಿ ಮೊದಲಿನಿಂದ ಕೊನೆಯವರೆಗೆ ನೋಡುವ ಚಟ ನನಗಿದೆ. ಯಾವ ಪಕ್ಷ ಬಂದರೂ ನನ್ನ ನಿಷ್ಠೆ ಬದಲಾಗುವುದಿಲ್ಲ. ಒಬ್ಬರಾದ ಮೇಲೊಬ್ಬರು ಅದೇ ಮಾತನ್ನು ಓದುತ್ತ ಹೋದಂತೆ ಅದು ನನಗೆ ಜೋಗುಳವಾಗುತ್ತದೆ. ರಾಜ್ಯ ಸಚಿವರ ಸರದಿ ಬರುವ ಹೊತ್ತಿಗೆ ಕಣ್ಣು ಅರೆಮುಚ್ಚಿ, ಆ ಮಂಪರಿನಲ್ಲಿ ನಾನೂ ಹೊಸ ಕೋಟು ತೊಟ್ಟು ಸಾಲಿನಲ್ಲಿ ಕೂತಿರುತ್ತೇನೆ. ನನ್ನ ಹೆಸರು ಕರೆಯುವಷ್ಟರಲ್ಲಿ ಮನೆ ಮುಂದಿನ ಬೀದಿಯಲ್ಲಿ ಮೆಹದಿಪಟ್ಟಣಕ್ಕೆ ಹೋಗುವ ಯಾವುದೋ ಬಸ್ಸು ಹಾರ್ನ್ ಹೊಡೆದು ಎಬ್ಬಿಸಿಬಿಡುತ್ತದೆ.

ಈ ಚಟ ಅಂಟಿದ್ದು ಬಾಲಾನಗರದಲ್ಲಿ. ಅಲ್ಲಿ ನಾನು ಕೆಲಸಕ್ಕಿದ್ದದ್ದು ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ. ದೆಹಲಿಯಲ್ಲಿ ಸಂಪುಟ ರಚನೆಯಾದ ದಿನ ಕ್ಯಾಂಟೀನಿನಲ್ಲಿ ಚಹಾ ಆರಿಹೋಗುತ್ತಿತ್ತು. ಹಣಕಾಸು ಯಾರ ಪಾಲಿಗಾದರೂ ಹೋಗಲಿ, ನಮ್ಮ ಇಲಾಖೆಯ ಮಂತ್ರಿ ಯಾರು ಎಂಬುದೊಂದೇ ಎಲ್ಲರ ಚಿಂತೆ. ಬೀದರಿನ ಗೆಳೆಯನೊಬ್ಬ ಮನೆಗೆ ಅಳಿಯ ಬಂದಂತೆ ಪೇಢೆ ಹಂಚುತ್ತಿದ್ದ. ಆ ಮಂತ್ರಿಗಳಲ್ಲಿ ಒಬ್ಬರೂ ನಮ್ಮ ಗೇಟಿನೊಳಗೆ ಕಾಲಿಡಲಿಲ್ಲ, ಆದರೂ ನಮಗೂ ಒಬ್ಬರಿದ್ದಾರೆ ಎಂಬ ಧೈರ್ಯವಿತ್ತು. ನಿವೃತ್ತನಾದ ಮೇಲೆ ಅದೂ ಹೋಯಿತು. ನಾನು ಯಾವ ಇಲಾಖೆಗೂ ಸೇರದವನಾದೆ.

ಮನೆಯಲ್ಲಾದರೂ ಒಂದು ಖಾತೆ ಸಿಕ್ಕೀತೆಂದು ಆಸೆಪಟ್ಟೆ. ಆದರೆ ಹಣಕಾಸು, ಗೃಹ, ಆಹಾರ, ಬೀಗರನ್ನು ನೋಡಿಕೊಳ್ಳುವ ವಿದೇಶಾಂಗ, ಎಲ್ಲವೂ ನನ್ನ ಹೆಂಡತಿ ಸುಶೀಲೆಯ ಸೆರಗಿನಲ್ಲಿದ್ದವು. ಒಮ್ಮೆ ಅವಳು ಸೀರೆ ತರಲು ಹಿಮಾಯತ್‌ನಗರಕ್ಕೆ ಹೋದಾಗ, ಕಾರ್ಖಾನೆಯ ಸ್ಟೋರಿನಲ್ಲಿ ಬಿಡಿಭಾಗಗಳಿಗೆ ಹಾಕುವಂತೆ ಅಡುಗೆಮನೆಯ ಡಬ್ಬಿಗಳಿಗೆಲ್ಲ ನಂಬರಿನ ಚೀಟಿ ಅಂಟಿಸಿದೆ. ಸಂಜೆ ಸೊಸೆ ನಂಬರು ತಪ್ಪಿ ಚಹಾಕ್ಕೆ ಉಪ್ಪು ಹಾಕಿದಳು. ನನ್ನ ಆಡಳಿತ ಸುಧಾರಣೆ ಅಂದೇ ರದ್ದಾಯಿತು.

ಮೊನ್ನೆ ಸುಶೀಲೆಯ ಮೊಣಕಾಲಿನ ಆಪರೇಷನ್ ನಿಗದಿಯಾಯಿತು. ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ಎಲ್ಲರನ್ನೂ ಕೂರಿಸಿಕೊಂಡು ಖಾತೆ ಹಂಚಿದಳು. ಸೊಸೆಗೆ ಅಡುಗೆಮನೆ, ಮಗನಿಗೆ ಆಸ್ಪತ್ರೆಯ ಓಡಾಟ, ಮೊಮ್ಮಗಳಿಗೆ ತುಳಸಿಗೆ ನೀರು. ನಾನು ಗಂಟಲು ಸರಿಪಡಿಸಿಕೊಂಡು ಕಾದೆ. ಹಾಲಿನವನಿಗೆ ಹೇಳುವ ಕೆಲಸವೂ ಪಕ್ಕದ ಮನೆಯ ತೆಲುಗು ಅಮ್ಮನ ಪಾಲಾಯಿತು. ಎಲ್ಲರೂ ಎದ್ದು ಹೋದರು. ನನಗೆ ನಿಜವಾಗಿ ದುಃಖವಾಯಿತು. ಇಷ್ಟು ವರ್ಷ ಜೊತೆಗೆ ಬಾಳಿದವಳಿಗೆ ನನ್ನ ಮೇಲೆ ಒಂದು ಚೊಂಬು ನೀರಿನಷ್ಟೂ ನಂಬಿಕೆಯಿಲ್ಲವಲ್ಲ ಎನಿಸಿತು.

"ನನಗ ಏನೂ ಇಲ್ಲೇನ?" ಎಂದೆ.

ಅವಳು ಮೊಣಕಾಲು ನೀವಿಕೊಳ್ಳುತ್ತ ಕಿಟಕಿಯ ಕಡೆ ನೋಡಿದಳು. "ನೀವು ಎಲ್ಲಿಗೂ ಹೋಗಬ್ಯಾಡ್ರಿ. ನನ್ನ ಬಾಜೂಕ ಕೂಡ್ರಿ, ಸಾಕು," ಎಂದಳು. ಆಮೇಲೆ ದನಿ ತಗ್ಗಿಸಿ, "ನನಗ ಭಾಳ ಅಂಜಿಕಿ ಆಗಾಕತ್ತೈತ್ರಿ. ಅವರ ಮುಂದ ಹೇಳಾಕ ಬರೂದಿಲ್ಲ," ಎಂದಳು.

ಸಂಪುಟದಲ್ಲಿ ಖಾತೆಯಿಲ್ಲದ ಮಂತ್ರಿ ಎಂದು ಒಬ್ಬರನ್ನು ಇಟ್ಟುಕೊಳ್ಳುವ ರೂಢಿಯುಂಟು. ಕೆಲಸವಿಲ್ಲದವರಿಗೆ ಸಂಬಳವೆಂದು ಕ್ಯಾಂಟೀನಿನಲ್ಲಿ ನಾವು ನಗುತ್ತಿದ್ದೆವು. ಆದರೆ ನಮ್ಮ ಹಳಬರು ರಾಜ್ಯಕ್ಕೆ ಏಳು ಅಂಗ ಎಂದು ಹೇಳಿ, ಅರಸ, ಮಂತ್ರಿ, ನಾಡು, ಕೋಟೆ, ಬೊಕ್ಕಸ, ದಂಡು ಎಲ್ಲ ಮುಗಿದ ಮೇಲೆ ಕೊನೆಗೆ ಮಿತ್ರನನ್ನು ಸೇರಿಸಿದರು. ಅವನಿಗೆ ಕಚೇರಿಯಾಗಲಿ ಕಡತವಾಗಲಿ ಇದ್ದಂತೆ ಕಾಣೆ.

ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತೆ. ಅವಳ ಕೈ ಹಿಡಿದುಕೊಂಡೆ. ಮಧ್ಯಾಹ್ನದ ಬಿಸಿಲು ನೆಲದ ಮೇಲೆ ಮೆಲ್ಲಗೆ ಸರಿಯುತ್ತ ಮಂಚದ ಕಾಲು ಮುಟ್ಟಿತು.

"ನಿದ್ದಿ ಮಾಡಾಕತ್ತೀರೇನ್ರಿ?" ಎಂದಳು.

"ಇಲ್ಲ, ಡ್ಯೂಟಿ ಮ್ಯಾಲ ಅದೀನಿ," ಎಂದೆ.

ಹಿಡಿದ ಕೈ ಬಿಡದೆ ಅವಳೇ ಮೊದಲು ನಿದ್ದೆಹೋದಳು. ನನ್ನ ಕಾಲು ಜೋಮು ಹಿಡಿಯಿತು, ಆದರೂ ಅಲುಗಾಡಲಿಲ್ಲ. ಇಷ್ಟು ದೊಡ್ಡ ಖಾತೆಯನ್ನು ನಾನು ಕನಸಿನಲ್ಲೂ ಕೇಳಿರಲಿಲ್ಲ.